ಒಂದೇ ವಿಳಾಸದ ಊರು

ಸುವಾ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಹೀಗೆ ಕಾಗದ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ನೀವು “ಆಮೇಲೆ ಮಾತಾಡೋಣ ಮರಿ” ಎಂದು ಇಟ್ಟುಬಿಡುತ್ತೀರಿ.

ಚಂಡಮಾರುತದಲ್ಲಿ ನೊಂದವರಿಗೆ ನೀರಿನ ಟ್ಯಾಂಕ್ ಹಂಚಲು ನಿಮ್ಮ ಪರಿಹಾರ ಕಚೇರಿಯವರು ಅರ್ಜಿಗಳನ್ನು ನಮ್ಮ ಕಾಲೇಜಿಗೆ ಕಳಿಸಿದರಲ್ಲ, ಅದರ ವಿಷಯ. ಇಸಿಕೇಲಿ ಸರ್ ಅದನ್ನೇ ಮೊದಲ ವರ್ಷದ ನಮಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಅಭ್ಯಾಸವಾಗಿ ಕೊಟ್ಟರು. ಒಂದೇ ವಿಳಾಸ ಮತ್ತೆ ಬಂದರೆ ಮೊದಲನೆಯದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಬೇಕು. ಎರಡೆರಡು ಸಲ ಕೇಳುವ ಕಳ್ಳರು ಸಿಕ್ಕಿಬೀಳುತ್ತಾರಂತೆ.

ಅಪ್ಪಾ, ಅಮ್ಮನ ಊರಿನಲ್ಲಿ ಮನೆಗಳಿಗೆ ನಂಬರ್ ಎಲ್ಲಿದೆ? ಊರಿಗೆಲ್ಲ ಶಾಲೆಯ ಒಂದೇ ಅಂಚೆಪೆಟ್ಟಿಗೆ, ಎಲ್ಲರೂ ಅದನ್ನೇ ಬರೆದಿದ್ದಾರೆ. ಪ್ರೋಗ್ರಾಂ ಓಡಿಸಿದ್ದೇ ತಡ, ಇಡೀ ಊರು ಹೋಗಿ ಒಂದು ಮನೆ ಉಳಿಯಿತು. ಈ ರಾಜಧಾನಿ ಸುವಾದ ಬಂಗಲೆಗಳು ಮಾತ್ರ ಒಂದೂ ಅಳಿಯಲಿಲ್ಲ!

ಹಾಸ್ಟೆಲಿನಲ್ಲಿ ಬಾಯಿ ಮುಚ್ಚಿಕೊಂಡು ಬೆಳೆದವಳು ನಾನು. ಆದರೂ ಎದ್ದು ನಿಂತು ಇದು ಅನ್ಯಾಯ ಎಂದೆ. ಹಿಂದಿನ ಬೆಂಚಿನ ವಿಲಿಕೇಸ, “ಒಂದೇ ಟ್ಯಾಂಕ್ ಸಾಕು ಬಿಡೇ, ಊರೋರೆಲ್ಲ ಹರಟೆ ಹೊಡ್ಕೊಂಡು ಸಾಲಲ್ಲಿ ನಿಲ್ತಾರೆ. ಅರ್ಧ ಇಂಗ್ಲಿಷ್ ರಕ್ತದೋಳಿಗೆ ಯಾಕೆ ಹೊಟ್ಟೆನೋವು?” ಎಂದ. ಎಲ್ಲರೂ ನಕ್ಕರು.

ಸರ್ ನಗಲಿಲ್ಲ. “ನ್ಯಾಯ ಅನ್ಯಾಯ ಎಲ್ಲ ಮೂರನೇ ವರ್ಷದ ಪಾಠ ಕಣಮ್ಮ. ಮೊದ್ಲು ಪ್ರೋಗ್ರಾಂ ಬರೆಯೋದು ಕಲಿ” ಎಂದರು.

“ಅಲ್ಲೀವರೆಗೂ ಬಾಯಾರಿಕೆ ತಡ್ಕೊಳ್ಳಿ ಅಂತ ಅವರಿಗೆ ಯಾರು ಹೇಳ್ತಾರೆ ಸರ್?” ಎಂದುಬಿಟ್ಟೆ.

ಈಗ ಕ್ಷಮೆ ಕೇಳುವವರೆಗೂ ತರಗತಿಗೆ ಸೇರಿಸುವುದಿಲ್ಲವಂತೆ. ನಾನು ಕೇಳುವುದಿಲ್ಲ. ಯಾರೋ ಕುರ್ಚಿಯಲ್ಲಿ ಕೂತು ಯೋಚಿಸದೆ ಮಾಡಿದ ನಿಯಮಕ್ಕೆ ನಾನೇಕೆ ತಲೆ ತಗ್ಗಿಸಲಿ? ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಆದರೂ ಕೇಳುವುದಿಲ್ಲ.

ಹೀಗೆ ಉಳಿದ ಪಟ್ಟಿಯಂತೆಯೇ ಶುಕ್ರವಾರ ಟ್ಯಾಂಕುಗಳು ಹಡಗು ಹತ್ತುತ್ತವೆ. ಅದನ್ನು ತಡೆದು ಅರ್ಜಿಗಳನ್ನು ಮತ್ತೆ ನೋಡಿಸುವುದು ನಿಮ್ಮೊಬ್ಬರ ಕೈಯಲ್ಲಿದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಮಗಳು
ಮೆರೆಸೇನಿ

ತಾ.ಕ.: ನಿಯಮ ಯಾರದೆಂದು ಕೇಳಿದಾಗ ಸರ್ ನಿಮ್ಮ ಹೆಸರು ಹೇಳಿದರು. ಕಾಲೇಜಿನಲ್ಲಿ ಅಮ್ಮನ ಮನೆತನದ ಹೆಸರಿಟ್ಟುಕೊಂಡಿರುವುದರಿಂದ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಿಮ್ಮ ಮದುವೆಗೆ ಉಡುಗೊರೆಯೆಂದು ಆ ಊರಿನಲ್ಲಿ ಎಷ್ಟು ಮನೆಯವರು ಚಾಪೆ ಹೆಣೆದುಕೊಟ್ಟರೆಂದು ನಿಮಗೆ ಗೊತ್ತಲ್ಲ ಅಪ್ಪಾ.