ಅಮ್ಮನ ದನಿ ಕೇಳಲು ಅನುಮತಿ

ಮಾನ್ಯ ನಿವೃತ್ತ ಗ್ರಂಥಪಾಲಕರಿಗೆ ನಮಸ್ಕಾರಗಳು.

ನಿಮ್ಮ ಅರ್ಜಿ ತಲುಪಿತು. ಕಥೆ ಹೇಳುವ ಹೆಂಗಸರ ಬಗ್ಗೆ ಪುಸ್ತಕ ಬರೆಯುತ್ತಿದ್ದೀರೆಂದು ತಿಳಿದು ಸಂತೋಷವಾಯಿತು. ನಮ್ಮಲ್ಲಿರುವ ಪುಸ್ತಕಗಳನ್ನು ಧಾರಾಳವಾಗಿ ನೋಡಬಹುದು. ಚೀಲ, ಕೊಡೆ, ನೀರಿನ ಬಾಟಲಿ ಹೊರಗಿಡಬೇಕು. ಪೆನ್ನು ಬೇಡ, ಪೆನ್ಸಿಲ್ ತನ್ನಿ. ನಿಯಮ ಬರೆದವರಿಗೇ ನಿಯಮ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಕ್ಯಾಸೆಟ್ಟಿನ ವಿಷಯ ಮಾತ್ರ ಬೇರೆ. ನೀವು ಕೇಳಬೇಕೆಂದಿರುವ ಕ್ಯಾಸೆಟ್ಟಿನಲ್ಲಿ ಕಥೆ ಹೇಳುತ್ತಿರುವವಳು ನನ್ನ ಅಮ್ಮ. ಅವಳು ತೀರಿಕೊಂಡ ವರ್ಷ, ಆ ದನಿಯನ್ನು ಒಂದೇ ಒಂದು ಸಲ ಕೇಳಿಸಿ ಎಂದು ನಾನು ನಿಮ್ಮಲ್ಲಿಗೆ ಬಂದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಬೆಳಗಿನಿಂದ ಕೂರಿಸಿ, ಕೊನೆಗೆ ತಲೆಯೆತ್ತದೆಯೇ ಅಂದಿರಿ: "ಇದೆಲ್ಲ ಸಂಶೋಧಕರಿಗೆ ಕಣಮ್ಮ. ಮಗಳು ಅಂದ ಮಾತ್ರಕ್ಕೆ ಕೊಡೋಕಾಗಲ್ಲ. ಮನೇಲಿ ಅಮ್ಮನ ಫೋಟೋ ಇರುತ್ತಲ್ಲ, ನೋಡ್ಕೋ ಹೋಗು."

ಅದೇ ಹಟಕ್ಕೆ ಓದಿದೆ, ಇಲ್ಲೇ ಕೆಲಸ ಗಿಟ್ಟಿಸಿದೆ. ಈಗ ನಿಮ್ಮ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ. ಕೂತ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಆಡಳಿತ ಮಂಡಳಿಯ ಬೆನ್ನು ಹತ್ತಿ ಒಂದು ನಿಯಮ ಸೇರಿಸಿದ್ದು: ತೀರಿಕೊಂಡವರ ದನಿ ಕೇಳಬೇಕಾದರೆ ಅವರ ಮಕ್ಕಳ ಒಪ್ಪಿಗೆ ಬೇಕು.

ನಿಮ್ಮ ಪರವಾಗಿ ಆ ಮಗಳನ್ನು ಕೇಳಿ ನೋಡಿದೆ. ನಿಮ್ಮ ವಯಸ್ಸು, ಸೇವೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ.

ಅಮ್ಮನ ಫೋಟೋ ಇದೆಯಂತೆ. ಬೇಕಾದರೆ ನೋಡಿಕೊಂಡು ಹೋಗಬಹುದಂತೆ.

ಇಂತಿ,
ಈಗಿನ ಗ್ರಂಥಪಾಲಕಿ