ಮೂರು ತಾಸಿನ ಮಗ

ನನ್ನವ್ವಾ,

ಪ್ರತಿ ಸೋಮವಾರ ಕುರುಗೋಡಿನಿಂದ ಎರಡು ಬಸ್ಸು ಬದಲಿಸಿ ದೇಶನೂರಿಗೆ ಬಂದು ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆನಲ್ಲ, ಆಗ ಪಕ್ಕದ ಮನೆಯವಳಿಗೆ ನೀನು ಹೇಳುತ್ತಿದ್ದ ಮಾತು ನೆನಪಿದೆಯಾ? “ಮಗಳನ್ನ ದೂರ ಕೊಟ್ಬಿಟ್ವಿ. ಮಗನ್ದೇನು, ಮೂರು ತಾಸಿನ್ಯಾಗ ಬಂದು ನಿಂದ್ರತಾನ!” ಅಣ್ಣನ ಗುವಾಹಟಿ ಹತ್ತಿರ, ನನ್ನ ಕುರುಗೋಡು ದೂರ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳುತ್ತಾರಾ? ಎಣ್ಣೆ ಬಟ್ಟಲು ಅಲ್ಲೇ ಕುಕ್ಕಿ ಎದ್ದು ಹೋಗಬೇಕಿತ್ತು ನಾನು, ಆದರೆ...

ಆ ಮೂರು ತಾಸನ್ನು ನಿನ್ನ ತಲೆಗೆ ತುಂಬಿದವನು ಅಣ್ಣನೇ. ಗುವಾಹಟಿಯಲ್ಲಿ ಗ್ರಾನೈಟ್ ಮಾರುವ ಮಹಾಶಯ! ಎಂದೋ ಒಮ್ಮೆ ಬಂದವನು ಮೊಬೈಲ್ ಹಿಡಿದು ತೋರಿಸಿದ್ದ: “ನೋಡವ್ವ, ಅಲ್ಲಿ ಏರ್‌ಪೋರ್ಟಿಂದ ಹೈದರಾಬಾದ್ ಏರ್‌ಪೋರ್ಟಿಗೆ ಮೂರೇ ತಾಸು.” ಮನೆಯಿಂದ ಏರ್‌ಪೋರ್ಟ್ ಮುಟ್ಟುವುದು, ಅಲ್ಲಿ ಸಾಲು ನಿಲ್ಲುವುದು, ಹೈದರಾಬಾದಿನಿಂದ ಕಾರಿನಲ್ಲಿ ಸೊಂಟ ಮುರಿಯುವ ತನಕ ಬರುವುದು, ಅದೆಲ್ಲ ಲೆಕ್ಕಕ್ಕಿಲ್ಲವೇ? ನೀನೇನು ಏರ್‌ಪೋರ್ಟಿನೊಳಗೆ ಒಲೆ ಹೂಡಿದ್ದೆಯಾ?

ನೀನು ಹೋದ ಬೆಳಿಗ್ಗೆ ಅವನಿಗೆ ಫೋನ್ ಮಾಡಿದವಳು ನಾನು. “ಬಂದೆ, ಮೂರು ತಾಸು,” ಅಂದ. ನಿನ್ನ ಮೈದುನ, ನಮ್ಮ ಕಾಕಾ, ಅದನ್ನೇ ನಂಬಿ ಮಧ್ಯಾಹ್ನಕ್ಕೆಲ್ಲ ಗದ್ದೆಯ ಅಂಚಿನಲ್ಲಿ ಕುಣಿ ತೋಡಿಸಿಬಿಟ್ಟರು. ತೋಡಿದ ಕುಣಿಯನ್ನು ರಾತ್ರಿ ಖಾಲಿ ಬಿಟ್ಟರೆ ಅದು ಇನ್ನೊಂದು ಹೆಣ ಬೇಡುತ್ತದೆ ಅಂತ ನಮ್ಮವರು ಹೆದರುವುದು ನಿನಗೆ ಗೊತ್ತಲ್ಲ. ಬಿಸಿಲು ಇಳಿಯಿತು. ನೇರ ವಿಮಾನ ಸಿಗದ ಆ ಪುಣ್ಯಾತ್ಮ ಇನ್ನೂ ಕಲ್ಕತ್ತಾದಲ್ಲಿ ಕೂತಿದ್ದ.

“ಹೊತ್ತು ಮುಳುಗಾಕ ಬಂತು. ಮೊದಲ ಮಣ್ಣು ಮಗಾನ ಹಾಕಬೇಕಲ್ಲವಾ, ಏನ್ ಮಾಡೂದು?” ಕಾಕಾ ತಲೆ ಕೆರೆದುಕೊಂಡರು.

“ಮಗ ಕಲ್ಕತ್ತಾದಾಗ ಅದಾನ. ನಾ ಇಲ್ಲೇ ಅದೀನಿ, ಕಾಕಾ.”

“ನೀನು ಹೆಣ್ಮಗಳು...”

“ವಾರಾ ವಾರಾ ಆಕಿ ತಲಿ ತೊಳೆಯಾಕ ಬಂದಾಗ ಹೆಣ್ಮಗಳು ಅಂತ ಯಾರೂ ತಡೀಲಿಲ್ಲಲ್ರಿ?”

ಕಾಕಾ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಿನ್ನ ಮೇಲೆ ಮೊದಲ ಹಿಡಿ ಮಣ್ಣು ಹಾಕಿದವಳು ನಾನೇ ಅವ್ವಾ. ಅಳು ಬಂತು, ಸಿಟ್ಟೂ ಬಂತು. ನಿಮ್ಮಿಬ್ಬರ ಮೇಲೂ.

ಮರುದಿನ ಬಂದ, ನಿನ್ನ ಮುದ್ದಿನ ಮಗ. ಕಾರಿನಿಂದ ಇಳಿದವನೇ, “ಡೈರೆಕ್ಟ್ ಸಿಕ್ಕಿದ್ರ ಮೂರೇ ತಾಸು,” ಅಂದ. ಥೂ! ಆಮೇಲೆ ಕೇಳಿದ್ದೇನು ಗೊತ್ತಾ? “ಕುಣಿತನಾ ಕಾರು ಹೋಗ್ತತೇನು?” ಹೋಗುವುದಿಲ್ಲ, ಗದ್ದೆಯ ಬದುವಿನ ಮೇಲೆ ನಡೆಯಬೇಕು ಅಂದೆ. ಬಗ್ಗಿ ತನ್ನ ಬೂಟು ನೋಡಿಕೊಂಡ. ಅತ್ತಿದ್ದರೆ ಒಂದಿಷ್ಟಾದರೂ ಕ್ಷಮಿಸುತ್ತಿದ್ದೆನೇನೋ. ಅವನು ನೀರು ಕೇಳಿದ, ತಂಪು ಇದ್ದರೆ ಒಳ್ಳೆಯದು ಅಂತ.

ಬರುವ ತಿಂಗಳು ನಿನ್ನ ವರ್ಷದ ಪೂಜೆ. ಅಣ್ಣನಿಗೆ ತಿಳಿಸಿದ್ದೇನೆ, ಬಂದೇ ಬರುತ್ತೇನೆ ಅಂದಿದ್ದಾನೆ. ಬರಲಿ, ಬಿಡಲಿ. ದೀಪ ನಾನೇ ಹಚ್ಚುತ್ತೇನೆ, ಎಡೆ ನಾನೇ ಇಡುತ್ತೇನೆ. ಈ ಸಲ ನಮ್ಮ ಮನೆಯಲ್ಲಿ ಯಾರೂ ಅವನ ದಾರಿ ನೋಡುವುದಿಲ್ಲ, ಇದು ನನ್ನ ಮಾತು. ನೀನೂ ನೋಡಬೇಡ ಅವ್ವಾ. ಒಂದೇ ಒಂದು ಸಲ ನನ್ನ ಕಡೆ ನೋಡು.