ಹೆಸರು ಕೇಳಿದವಳು

ಕವಿತಾಳ
14-5-2024

ಮೊಮ್ಮಗಳು ಸ್ವಪ್ನಾಳಿಗೆ ನಿನ್ನ ಅಜ್ಜಿಯ ಆಶೀರ್ವಾದ.

ನಾವೆಲ್ಲ ಕ್ಷೇಮ. ಬರೆಯಲು ತಡವಾಯಿತು, ಬೇಜಾರಾಗಬೇಡ. ದೇವದುರ್ಗದ ಆಸ್ಪತ್ರೆಯಿಂದ ನಿನ್ನ ತಾತನನ್ನು ನಿನ್ನೆಯಷ್ಟೇ ಕರೆತಂದೆವು. ಜ್ವರ ಇಳಿದಿದೆ. ಗಂಜಿ ಬೇಡವಂತೆ, ರೊಟ್ಟಿಯೇ ಬೇಕಂತೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದು.

ನಿನ್ನ ಮಾವ ಶಿವರಾಜ ಎಲ್ಲ ಹೇಳಿದ. ರಾಯಚೂರಿನ ವಾರ್ಡಿನಲ್ಲಿ ಗುಳಿಗೆ ಕೊಡುವ ಮೊದಲು ನೀನು ಹೆಸರು ಕೇಳಿದೆಯಂತೆ. "ದಿನಾ ನೋಡ್ತೀ, ಗುರುತಿಲ್ಲೇನ್ ಬೇ ನಿನಗ?" ಎಂದು ಒಬ್ಬ ಮುದುಕಿ ಎಲ್ಲರೆದುರು ನಿನ್ನ ಕೈ ತಳ್ಳಿದಳಂತೆ. ಅಷ್ಟಕ್ಕೇ ನರ್ಸಿಂಗ್ ಬಿಟ್ಟು ಬರುತ್ತೀಯಂತೆ. ಬಾ, ಬಾಗಿಲಲ್ಲೇ ನಿಲ್ಲಿಸುತ್ತೇನೆ. ಮೊದಲು ಇದನ್ನು ಕೇಳು.

ದೇವದುರ್ಗದ ವಾರ್ಡಿನಲ್ಲಿ ಬೆಂಕಿಯಂಥ ಸೆಕೆ. ತಾತನ ಮಂಚಕ್ಕೆ ಫ್ಯಾನಿನ ಗಾಳಿ ಬರುತ್ತಿರಲಿಲ್ಲ. ಪಕ್ಕದ ಮಂಚದಲ್ಲಿದ್ದ ಮಾನ್ವಿ ಊರಿನ ಮುದುಕರಿಗೆ ಗಾಳಿಯೇ ಆಗದು. ನಾವು ನಾವೇ ಮಾತಾಡಿಕೊಂಡು ಇಬ್ಬರನ್ನೂ ಅದಲು ಬದಲು ಮಲಗಿಸಿದೆವು. ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ತಹಸೀನ್ ಎಂಬ ಹೊಸ ಸಿಸ್ಟರ್ ಸೂಜಿ ಹಿಡಿದು ಬಂದಳು. ತಾತ ಜ್ವರದ ಮಂಪರಿನಲ್ಲಿದ್ದರು.

"ಇವ್ರ ಹೆಸರು ಹೇಳ್ರೀ ಯವ್ವಾ."

"ಗಂಡನ ಹೆಸರು ಹೆಂಗ್ ಹೇಳ್ಲಿ? ನಿನ್ನ ಚೀಟಿನಾಗ ಅದ ಅಲ್ಲ, ಓದು. ನಾ ಹೂಂ ಅಂತೀನಿ."

"ನಾ ಓದಂಗಿಲ್ರೀ. ಏನ್ ಓದಿದ್ರೂ ನೀವು ಹೂಂ ಅಂತೀರಿ. ನಿಮ್ಮ ಬಾಯಿಂದನ ಬರ್ಬೇಕು."

ಮದುವೆಯಲ್ಲಿ ಒಡಪು ಕಟ್ಟಿ ಪದದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ನಿನಗೆ ಆ ಮುದುಕಿ ಬೈದದ್ದಕ್ಕಿಂತ ಹೆಚ್ಚೇ ಬೈದೆ. ಹುಡುಗಿ ಕದಲಲಿಲ್ಲ. ಆಚೆ ಮಂಚದವರಿಗೆ ನಗು: "ಒಡಪಿನಾಗರ ಹೇಳ್ಬಿಡಬೇ!" ಸಿಟ್ಟು ನೆತ್ತಿಗೇರಿ "ಹಂಪಣ್ಣ!" ಎಂದು ಚೀರಿದೆ.

ತಹಸೀನ್ ಚೀಟಿಯನ್ನು ಮತ್ತೊಮ್ಮೆ ನೋಡಿದಳು. "ಇದ್ರಾಗ ಬ್ಯಾರೆ ಹೆಸರದರೀ" ಎಂದು ಸೂಜಿಯನ್ನು ಟ್ರೇಗೆ ಇಟ್ಟಳು. ಅದು ಮಂಚದ ನಂಬರು ನೋಡಿ ತಂದದ್ದು, ಮಾನ್ವಿಯವರ ಸಕ್ಕರೆ ಕಾಯಿಲೆಗೆ ಹಾಕುವ ಇನ್ಸುಲಿನ್. ಸಕ್ಕರೆ ಕಾಯಿಲೆಯೇ ಇಲ್ಲದ, ಊಟ ಬಿಟ್ಟು ಮಲಗಿದ್ದ ತಾತನಿಗೆ ಅದು ಹೋಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತಂತೆ.

ತಾತ ಕಣ್ಣು ಬಿಟ್ಟು, "ಯಾರಲೇ ನನ್ನ ಹೆಸರು ಹಿಡದು ಕರೆದವ್ರು?" ಎಂದರು.

"ನಾನಽ. ಸುಮ್ನ ಮಲಕೊಳ್ರಿ" ಎಂದೆ.

ಇನ್ನು ವಾರ್ಡಿಗೆ ಹೊರಡು. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ.

ನಿನ್ನ ಅಜ್ಜಿ,
ಬಸವಂತಮ್ಮ

ತಾ.ಕ.: ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವೇ ಎಂದೂ ತಹಸೀನ್ ಕೇಳಿದಳು. ನೀನೂ ಕೇಳು, ಬೈದರೂ ಕೇಳು. ನಿನ್ನ ಅವ್ವ ಜ್ವರದಿಂದ ಹೋದಳು ಎಂದು ನಿನಗೆ ಹೇಳಿಕೊಂಡು ಬಂದಿದ್ದೇವೆ. ಜ್ವರವಲ್ಲ, ಸೂಜಿ. ಆ ಸೂಜಿಯ ಔಷಧಿಗೆ ಚಿಕ್ಕಂದಿನಲ್ಲೇ ಅವಳಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು, ನನಗೆ ಗೊತ್ತಿತ್ತು. ಚುಚ್ಚಿದವನು ನನ್ನನ್ನು ಏನೂ ಕೇಳಲಿಲ್ಲ. ನಾನು ಬಾಗಿಲ ಹೊರಗೇ ಕೂತಿದ್ದೆ, ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು.